ಭಾರೀ ಕೈಗಾರಿಕೆಯ ಗುತ್ತಿಗೆ ಕಾರ್ಮಿಕರ ಯೂನಿಯನ್: ಹಾಜರಿ ಪುಸ್ತಕದಿಂದ ಟ್ರಿಬ್ಯುನಲ್‌ವರೆಗೆ

ಉಕ್ಕಿನ ಕಾರ್ಖಾನೆಯಲ್ಲಿ ಕೋಕ್ ಓವನ್ ಬಾಗಿಲಿಗೆ ಅಂಟಿದ ಟಾರ್ ಕೆರೆಯುವವರು, ಕನ್ವೇಯರ್ ಕೆಳಗೆ ಸುರಿದ ಅದಿರು ಎತ್ತುವವರು, ಕರಗಿದ ಉಕ್ಕು ಹಿಡಿಯುವ ಲ್ಯಾಡಲ್ ಒಳಗೆ ಇಟ್ಟಿಗೆ ಕಟ್ಟುವವರು ಬಹುಪಾಲು ಗುತ್ತಿಗೆಯವರೇ. ಇವರ ಪರವಾಗಿ ಯೂನಿಯನ್ ಕಟ್ಟಲು ಹೊರಟವರು ಮೊದಲ ಸಭೆಯಲ್ಲೇ ‘ಎಲ್ಲರನ್ನೂ ಖಾಯಂ ಮಾಡಿ’ ಎಂದು ಘೋಷಣೆ ಕೂಗಿ, ಮರುವಾರ ಹೈಕೋರ್ಟಿಗೆ ರಿಟ್ ಹಾಕಿ, ಅಲ್ಲಿಂದ ‘ಮೊದಲು ಕೈಗಾರಿಕಾ ಟ್ರಿಬ್ಯುನಲ್‌ಗೆ ಹೋಗಿ’ ಎಂದು ವಾಪಸ್ ಬರುವುದು ಮಾಮೂಲು. ಅಷ್ಟರಲ್ಲಿ ಟೆಂಡರ್ ಬದಲಾಗಿ, ಮುಂದಾಳುಗಳ ಗೇಟ್ ಪಾಸ್ ರದ್ದಾಗಿರುತ್ತದೆ.

ಇಲ್ಲಿರುವುದು ಎರಡು ಬೇರೆ ಬೇರೆ ಹೋರಾಟ. ಒಂದು ಕನಿಷ್ಠ ವೇತನ, ಓಟಿ (ಹೆಚ್ಚುವರಿ ಗಂಟೆಯ ಕೂಲಿ), ಪಿಎಫ್ (ಭವಿಷ್ಯ ನಿಧಿ), ಬೋನಸ್, ಗುತ್ತಿಗೆದಾರ ಬದಲಾದರೂ ಕೆಲಸ ಉಳಿಯುವುದು. ಇದರಲ್ಲಿ ಕಾನೂನು ಬಹುಮಟ್ಟಿಗೆ ನಿಮ್ಮ ಕಡೆಗಿದೆ, ಫಲ ತಿಂಗಳುಗಳಲ್ಲಿ ಸಿಗುತ್ತದೆ. ಇನ್ನೊಂದು ಖಾಯಮಾತಿ, ಅಂದರೆ ಕಾರ್ಖಾನೆಯ ಖಾಯಂ ನೌಕರರಾಗುವುದು. ಅದು ವರ್ಷಗಟ್ಟಲೆ ಎಳೆಯುವ ಸಾಕ್ಷ್ಯದ ಯುದ್ಧ. ಮೊದಲನೆಯದನ್ನು ನಡೆಸುತ್ತಲೇ ಎರಡನೆಯದಕ್ಕೆ ಕಾಗದ ಕೂಡಿಡಬೇಕು.

ಯಾವ ಕಾನೂನು, ಯಾವ ಕಚೇರಿ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಗುತ್ತಿಗೆ ಪದ್ಧತಿಗೆ ಸಂಬಂಧಿಸಿದ 1970ರ ಕಾಯ್ದೆಯ ಜಾಗಕ್ಕೆ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಅದರ 45ರಿಂದ 58ನೇ ಕಲಂವರೆಗಿನ ಭಾಗವನ್ನು ಪ್ರಿಂಟ್ ಹಾಕಿ ಯೂನಿಯನ್ ಕಚೇರಿಯಲ್ಲಿಡಿ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ಆ ದಿನಾಂಕಕ್ಕೆ ಹಿಂದಿನ ಬಾಕಿಯನ್ನು ಹಳೆಯ ಕಾಯ್ದೆಯ ಹಕ್ಕಿನಂತೆಯೇ ಲೆಕ್ಕ ಹಾಕಿ.

ಹಳೆಯ ಕಾಯ್ದೆ 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿತ್ತು, ಈಗ ಆ ಸಂಖ್ಯೆ 50. ‘ನಮ್ಮ ಬಳಿ 45 ಜನ ಮಾತ್ರ’ ಎಂದು ಗುತ್ತಿಗೆದಾರ ಹೇಳಿದ ತಕ್ಷಣ ಸೋಲೊಪ್ಪಬೇಡಿ. ಅವನಿಗೆ ಲೈಸೆನ್ಸ್ ಬೇಡದಿರಬಹುದು. ಆದರೆ ಕಾರ್ಖಾನೆಗೆ ಸಂಹಿತೆ ಅನ್ವಯಿಸುತ್ತದೆಯೇ ಎಂದು ನೋಡುವಾಗ ಎಲ್ಲ ಗುತ್ತಿಗೆದಾರರ ಕೆಳಗಿನ ಜನರನ್ನೂ ಸೇರಿಸಿ ಎಣಿಸಬೇಕು. ದೊಡ್ಡ ಕಾರ್ಖಾನೆಯಲ್ಲಿ ಆ ಲೆಕ್ಕ 50 ದಾಟದೇ ಇರುವುದಿಲ್ಲ.

ಅರ್ಜಿ ಯಾರಿಗೆ ಕೊಡಬೇಕು ಎಂಬಲ್ಲಿ ಎಡವುವವರು ಬಹಳ. ಗಣಿಗಳು ಮತ್ತು ಕೇಂದ್ರ ಸಾರ್ವಜನಿಕ ಉದ್ದಿಮೆಗಳು ಕೇಂದ್ರದ ವ್ಯಾಪ್ತಿಗೆ ಬರುತ್ತವೆ, ಅಲ್ಲಿನ ಗುತ್ತಿಗೆದಾರರೂ ಅಷ್ಟೇ. ಕೇಂದ್ರದ ಉಕ್ಕು ಕಂಪನಿ ಸೇಲ್‌ನ ಭದ್ರಾವತಿ ಕಾರ್ಖಾನೆ ವಿಐಎಸ್‌ಎಲ್ ಆಗಲಿ, ಕೇಂದ್ರದ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿಯಾಗಲಿ, ಹೋಗಬೇಕಾದದ್ದು ಕೇಂದ್ರದ ಕಾರ್ಮಿಕ ಆಯುಕ್ತರ ಪ್ರಾದೇಶಿಕ ಕಚೇರಿಗೆ. ಕೇಂದ್ರ ಕಾರ್ಮಿಕ ಸಚಿವಾಲಯದ ಸಮಾಧಾನ್ ಪೋರ್ಟಲ್‌ನಲ್ಲೂ ವಿವಾದ ದಾಖಲಿಸಬಹುದು. ಖಾಸಗಿ ಉಕ್ಕು, ಸಿಮೆಂಟ್, ಯಂತ್ರೋಪಕರಣ ಕಾರ್ಖಾನೆಗಳಾದರೆ ಸಾಮಾನ್ಯವಾಗಿ ರಾಜ್ಯದ ಸಹಾಯಕ ಅಥವಾ ಉಪ ಕಾರ್ಮಿಕ ಆಯುಕ್ತರು. ಅಪಘಾತ, ಸುರಕ್ಷತೆಯ ದೂರಿಗೆ ರಾಜ್ಯದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಬೇರೆಯೇ ಇದೆ. ತಪ್ಪು ಕಚೇರಿಯಲ್ಲಿ ಕೊಟ್ಟ ಅರ್ಜಿ ಆರು ತಿಂಗಳ ನಂತರ ‘ವ್ಯಾಪ್ತಿ ಇಲ್ಲ’ ಎಂಬ ಒಂದು ಸಾಲಿನೊಂದಿಗೆ ವಾಪಸ್ ಬರುತ್ತದೆ, ಕಾಲಮಿತಿ ಮಾತ್ರ ಓಡುತ್ತಲೇ ಇರುತ್ತದೆ.

ಮೊದಲ ಎರಡು ತಿಂಗಳು: ಬರೀ ಕಾಗದ

ಪ್ರತಿಯೊಬ್ಬ ಸದಸ್ಯನಿಗೂ ಒಂದು ಫೈಲ್ ಮಾಡಿ. ಯುಎಎನ್‌ನಲ್ಲಿ (ಪಿಎಫ್‌ನ ಬದಲಾಗದ ಸಂಖ್ಯೆ) ಸಿಗುವ ಸೇವಾ ಇತಿಹಾಸದ ಪ್ರಿಂಟ್ ಅದರ ಮೊದಲ ಹಾಳೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಸದಸ್ಯ ಸಂಖ್ಯೆ ಹುಟ್ಟುತ್ತದೆ, ಯುಎಎನ್ ಮಾತ್ರ ಅದೇ ಇರುತ್ತದೆ. ಹತ್ತು ವರ್ಷದಲ್ಲಿ ಐದು ಗುತ್ತಿಗೆದಾರರು, ಒಬ್ಬನ ಕೊನೆಯ ದಿನದ ಮರುದಿನವೇ ಇನ್ನೊಬ್ಬನ ಮೊದಲ ದಿನ ಎಂದು ಆ ಒಂದು ಪುಟ ತೋರಿಸಿದರೆ ‘ಜನ ಅವರೇ, ಕೆಲಸ ಅದೇ, ಬದಲಾದದ್ದು ಬೋರ್ಡ್ ಮಾತ್ರ’ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಎರಡು ಗುತ್ತಿಗೆದಾರರ ನಡುವೆ ಒಂದೆರಡು ತಿಂಗಳು ಖಾಲಿ ಕಂಡರೆ, ಆ ಅವಧಿಯಲ್ಲಿ ಕೆಲಸ ಮಾಡಿದ್ದಕ್ಕೆ ಬೇರೆ ಪುರಾವೆ ಈಗಲೇ ಹುಡುಕಿ.

ಎರಡನೆಯದು ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 36 ತಿಂಗಳದ್ದು. ಮೂರನೆಯದು ಪೇ ಸ್ಲಿಪ್. ನಾಲ್ಕನೆಯದು ಕೆಲಸಗಾರ ತನ್ನ ಕೈಯಾರೆ ಬರೆದಿಟ್ಟ ದಿನಚರಿ: ದಿನಾಂಕ, ಶಿಫ್ಟ್, ಒಳಗೆ ಹೋದ ಮತ್ತು ಹೊರಬಂದ ಸಮಯ, ಮಾಡಿದ ಕೆಲಸ, ಕೆಲಸ ಹೇಳಿದವರ ಹುದ್ದೆ. ನಾಲ್ಕಾಣೆ ನೋಟ್‌ಬುಕ್ಕಿಗೆ ಬೆಲೆಯಿಲ್ಲ ಎನ್ನುವವರಿಗೆ ಪಾಟೀಸವಾಲು ಎಂದರೆ ಏನೆಂದು ಗೊತ್ತಿಲ್ಲ. ಅಂದಂದೇ ಬರೆದದ್ದು ಅಲ್ಲಿ ನಿಲ್ಲುತ್ತದೆ, ಕೇಸಿಗೆಂದು ಒಂದೇ ಪೆನ್ನಿನಲ್ಲಿ ಒಂದೇ ಸಲ ಬರೆದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಗೇಟ್ ಪಾಸ್ ಮೇಲೆ ಜನಕ್ಕೆ ಇರುವಷ್ಟು ಭರವಸೆಯನ್ನು ನೀವು ಇಟ್ಟುಕೊಳ್ಳಬೇಡಿ. ಹರಿದ್ವಾರದ ಬಿಎಚ್‌ಇಎಲ್ (ಕೇಂದ್ರದ ವಿದ್ಯುತ್ ಯಂತ್ರೋಪಕರಣ ಕಂಪನಿ) ಪ್ರಕರಣದಲ್ಲಿ ಲೇಬರ್ ಕೋರ್ಟ್ ಗೇಟ್ ಪಾಸ್‌ಗಳನ್ನು ನಂಬಿ ಕಾರ್ಮಿಕರ ಪರ ತೀರ್ಪು ಕೊಟ್ಟಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪಾಸ್ ಕೊಟ್ಟದ್ದು ಭದ್ರತೆಗಾಗಿ, ಗುತ್ತಿಗೆದಾರ ಕೇಳಿದ್ದಕ್ಕೆ ಎಂಬ ಕಂಪನಿಯ ವಿವರಣೆ ಅಲ್ಲಿ ನಿಂತಿತು. ಕಂಪನಿ ಲೋಗೋ ಇರುವ ಹೆಲ್ಮೆಟ್, ಸುರಕ್ಷತಾ ತರಬೇತಿ ಪ್ರಮಾಣಪತ್ರ, ಕ್ಯಾಂಟೀನ್ ಕೂಪನ್ ಎಲ್ಲ ಇದೇ ಜಾತಿಯವು. ‘ಒಳಗೆ ಬರುವ ಯಾರಿಗಾದರೂ ಕೊಡುತ್ತೇವೆ’ ಎಂದರೆ ಮುಗಿಯಿತು.

ತೂಕವಿರುವ ಕಾಗದ ಬೇರೆ: ಕಂಪನಿಯ ಶಿಫ್ಟ್ ಇನ್‌ಚಾರ್ಜ್ ಸಹಿ ಹಾಕಿದ ಹಾಜರಿ, ಕಂಪನಿ ಎಂಜಿನಿಯರ್ ಮಂಜೂರು ಮಾಡಿದ ರಜೆ, ಇವತ್ತು ಯಾರು ಯಾವ ಸ್ಟ್ಯಾಂಡ್‌ನಲ್ಲಿ ಎಂದು ಹಂಚಿದ ವಾಟ್ಸ್‌ಆ್ಯಪ್ ಸಂದೇಶ, ಕಂಪನಿಯೇ ಕೊಟ್ಟ ಮೆಮೊ, ಲಾಗ್ ಬುಕ್ಕಿನಲ್ಲಿ ಖಾಯಂ ಕೆಲಸಗಾರನ ಹೆಸರಿನ ಪಕ್ಕದಲ್ಲೇ ಇರುವ ಗುತ್ತಿಗೆಯವನ ಹೆಸರು. ವರ್ಕ್ ಪರ್ಮಿಟ್ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಗ್ಯಾಸ್ ಲೈನ್ ಹತ್ತಿರದ ಕೆಲಸಕ್ಕೆ ಪರ್ಮಿಟ್ ಕೊಡುವುದು ಕಂಪನಿಯ ಶಾಸನಬದ್ಧ ಕರ್ತವ್ಯ, ಅದರಿಂದ ಅವರು ಮಾಲೀಕರಾಗುವುದಿಲ್ಲ ಎಂಬ ವಾದ ಬಂದೇ ಬರುತ್ತದೆ. ವಾಟ್ಸ್‌ಆ್ಯಪ್ ಪ್ರಿಂಟ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಜೋಡಿಸಿ. ಮೂಲ ಸಂದೇಶವಿರುವ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಕೊಟ್ಟುಬಿಡಬೇಡಿ.

ಕಂಪನಿಯ ಪುಸ್ತಕ ಕದ್ದು ತರುವುದು ಬೇಡವೇ ಬೇಡ, ಕಳ್ಳತನದ ಕೇಸಿನಲ್ಲಿ ಮುಂದಾಳು ಹೊರಗಾಗುತ್ತಾನೆ. ಯಾವ ರಿಜಿಸ್ಟರ್, ಯಾವ ವಿಭಾಗ, ಯಾವ ದಿನಾಂಕ ಎಂದು ಗುರುತು ಹಾಕಿಕೊಂಡರೆ ಸಾಕು. ಮುಂದೆ ಟ್ರಿಬ್ಯುನಲ್ ಮುಂದೆ ಅದನ್ನು ಹಾಜರುಪಡಿಸಲು ಅರ್ಜಿ ಹಾಕಬಹುದು. ಇದ್ದೂ ಕೊಡದಿದ್ದರೆ ಅವರ ವಿರುದ್ಧವೇ ತೀರ್ಮಾನಕ್ಕೆ ಬರುವಂತೆ ಕೇಳಲು ದಾರಿಯಾಗುತ್ತದೆ.

ಸಾರ್ವಜನಿಕ ಉದ್ದಿಮೆಯಾದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ವರ್ಕ್ ಆರ್ಡರ್, ಟೆಂಡರ್ ಷರತ್ತು, ಗುತ್ತಿಗೆಯ ಅವಧಿ, ಬಿಲ್ ಪಾಸ್ ಮಾಡುವ ಮುನ್ನ ಪಡೆದ ಪಿಎಫ್ ಚಲನ್ ಕೇಳಿ. ಖಾಸಗಿ ಕಂಪನಿಯಾದರೆ ಕಾರ್ಮಿಕ ಇಲಾಖೆಯಲ್ಲಿರುವ ನೋಂದಣಿ, ಲೈಸೆನ್ಸ್ ಪ್ರತಿ ಕೇಳಿ. ಕಾರ್ಮಿಕರ ಹೆಸರುಪಟ್ಟಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ವರ್ಕ್ ಆರ್ಡರ್ ಕೇಳಿ, ಅದರಲ್ಲಿ ‘ಇಷ್ಟು ಟನ್ ಸ್ಲ್ಯಾಗ್ ತೆರವು’ ಎಂದಿದೆಯೋ ‘ಇಷ್ಟು ಜನ ಹೆಲ್ಪರ್ ಪೂರೈಕೆ’ ಎಂದಿದೆಯೋ ನೋಡಿ. ತಲೆ ಲೆಕ್ಕದ ಆರ್ಡರ್ ಸಿಕ್ಕರೆ ನಿಮ್ಮ ಕೇಸು ಒಂದು ಮೆಟ್ಟಿಲು ಮೇಲೇರಿತು.

ನೋಂದಣಿ ಮತ್ತು ಬೈಲಾ

ಏಳು ಜನ ಅರ್ಜಿ ಹಾಕಬಹುದು. ಜೊತೆಗೆ ಕಾರ್ಮಿಕರ ಶೇ. 10 ಅಥವಾ 100 ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಸದಸ್ಯರಿರಬೇಕು. ಆ ಏಳು ಹೆಸರನ್ನು ಒಬ್ಬನೇ ಗುತ್ತಿಗೆದಾರನ ಕೆಳಗಿನಿಂದ ತೆಗೆದುಕೊಳ್ಳಬೇಡಿ. ಏಳು ಬೇರೆ ವರ್ಕ್ ಆರ್ಡರ್‌ಗಳಿಂದ ಆರಿಸಿದರೆ ಒಂದೇ ಏಟಿಗೆ ಎಲ್ಲರ ಪಾಸ್ ಕಿತ್ತುಕೊಳ್ಳುವುದು ಕಷ್ಟ. ಹೊರಗಿನ ಪದಾಧಿಕಾರಿಗಳು ಮೂರನೇ ಒಂದು ಭಾಗ ಅಥವಾ ಐದು ಜನ, ಇವೆರಡರಲ್ಲಿ ಕಡಿಮೆಯಾದಷ್ಟು ಇರಬಹುದು. ಕಾರ್ಯದರ್ಶಿ ಸ್ಥಾನವನ್ನು ನಿವೃತ್ತ ಕೆಲಸಗಾರರಿಗೋ ಹೊರಗಿನ ವಕೀಲರಿಗೋ ಕೊಡುವುದು ಜಾಣತನ.

ಬೈಲಾದ ಸದಸ್ಯತ್ವದ ಕಲಂ ಬರೆಯುವಾಗ ಗುತ್ತಿಗೆದಾರನ ಹೆಸರು ಹಾಕಿದರೆ ಕೆಟ್ಟಿರಿ. ಅವನ ಟೆಂಡರ್ ಮುಗಿದ ದಿನ ನಿಮ್ಮ ಯೂನಿಯನ್ನಿಗೆ ಅರ್ಹ ಸದಸ್ಯರೇ ಇಲ್ಲದಂತಾಗುತ್ತದೆ. ‘ಇಂಥ ಕಾರ್ಖಾನೆಯ ಆವರಣದಲ್ಲಿ ಯಾವುದೇ ಗುತ್ತಿಗೆದಾರ, ಉಪಗುತ್ತಿಗೆದಾರ ಅಥವಾ ಏಜೆನ್ಸಿಯ ಮೂಲಕ ದುಡಿಯುವ ಹಾಗೂ ಕೆಲಸದಿಂದ ತೆಗೆಯಲಾದ ಕಾರ್ಮಿಕರು’ ಎಂದು ಬರೆಯಿರಿ.

ಪ್ರತಿ ವಿವಾದಕ್ಕೂ ಮುನ್ನ ಸಾಮಾನ್ಯ ಸಭೆ ಕರೆದು, ಠರಾವು ಮಾಡಿ, ಹಾಜರಿದ್ದವರ ಸಹಿ ಹಾಕಿಸಿ ನಡಾವಳಿ ಪುಸ್ತಕದಲ್ಲಿಡಿ. ‘ಈ ವಿವಾದಕ್ಕೆ ಕಾರ್ಮಿಕರ ಬೆಂಬಲವಿಲ್ಲ’ ಎಂಬ ಪ್ರಾಥಮಿಕ ಆಕ್ಷೇಪಣೆಯಲ್ಲೇ ಬಿದ್ದುಹೋದ ಕೇಸುಗಳಿಗೆ ಲೆಕ್ಕವಿಲ್ಲ. ಅವು ಬಿದ್ದದ್ದು ಒಂದು ಹಾಳೆಯ ಕೊರತೆಯಿಂದ.

ಸಂಬಳದ ಲೆಕ್ಕ

12 ಗಂಟೆಯ ಶಿಫ್ಟ್‌ನಿಂದಲೇ ಶುರುಮಾಡಿ, ಅತಿ ಹೆಚ್ಚು ಹಣ ಮುಳುಗುವುದು ಅಲ್ಲೇ. 2024ರ ಅಕ್ಟೋಬರ್ 1ರ ಕೇಂದ್ರದ ದರ ಹಿಡಿಯೋಣ: ನಿರ್ಮಾಣ, ಲೋಡಿಂಗ್‌ನಂಥ ಕೆಲಸಕ್ಕೆ ‘ಎ’ ಪ್ರದೇಶದಲ್ಲಿ (ದೊಡ್ಡ ನಗರಗಳ ವರ್ಗ) ಕೌಶಲವಿಲ್ಲದ ಕೆಲಸಗಾರನಿಗೆ ದಿನಕ್ಕೆ 783 ರೂಪಾಯಿ. ಎಂಟು ಗಂಟೆಗೆ ಅಷ್ಟಾದರೆ ಗಂಟೆಗೆ 97.88, ಓಟಿ ಗಂಟೆಗೆ ದುಪ್ಪಟ್ಟು ಅಂದರೆ 195.75. ನಾಲ್ಕು ಗಂಟೆಯ ಓಟಿಗೆ ಮತ್ತೊಂದು 783. ಅಂದರೆ 12 ಗಂಟೆ ದುಡಿದವನಿಗೆ ಎರಡು ಹಾಜರಿ, ಅಂದರೆ ಎರಡು ದಿನದ ಕೂಲಿ ಬರಬೇಕು. ಗುತ್ತಿಗೆದಾರ ಕೊಡುವುದು ‘ಒಂದೂವರೆ ಹಾಜರಿ’. ದಿನಕ್ಕೆ 391.50 ಕಡಿಮೆ, 26 ದಿನಕ್ಕೆ 10,179 ರೂಪಾಯಿ. ಈ ಲೆಕ್ಕವನ್ನು ಗೇಟ್ ಸಭೆಯಲ್ಲಿ ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಹತ್ತು ಭಾಷಣದ ಕೆಲಸ ಆಗುತ್ತದೆ. ಕೇಂದ್ರದ ತುಟ್ಟಿಭತ್ಯೆ ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ ಬದಲಾಗುತ್ತದೆ, ಆಯಾ ಅವಧಿಯ ದರವನ್ನೇ ಹಾಕಿ. ಕೆಲಸದ ದರ್ಜೆಯನ್ನೂ ಪರಿಶೀಲಿಸಿ: ರಿಗ್ಗರ್, ಗ್ಯಾಸ್ ಕಟರ್, ವೆಲ್ಡರ್‌ಗಳನ್ನು ‘ಹೆಲ್ಪರ್’ ಎಂದು ಬರೆದು ಕೌಶಲವಿಲ್ಲದವರ ದರ ಕೊಡುವುದು ಹಳೆಯ ಚಾಳಿ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. ಗುತ್ತಿಗೆದಾರ ಕೊಡದಿದ್ದರೆ ಸುರಕ್ಷತಾ ಸಂಹಿತೆಯ 55ನೇ ಕಲಂನಂತೆ ಮೂಲ ಮಾಲೀಕನೇ, ಅಂದರೆ ಕಾರ್ಖಾನೆಯೇ, ಕೊಟ್ಟು ಅವನಿಂದ ವಸೂಲು ಮಾಡಿಕೊಳ್ಳಬೇಕು. ಆದ್ದರಿಂದ ಪ್ರತಿ ನೋಟಿಸನ್ನೂ ಇಬ್ಬರಿಗೂ ಕಳಿಸಿ. ಕಾರ್ಖಾನೆಯ ಪ್ರತಿಯನ್ನು ಎಚ್‌ಆರ್ ಜೊತೆಗೆ ಬಿಲ್ ಪಾಸ್ ಮಾಡುವ ಹಣಕಾಸು ವಿಭಾಗಕ್ಕೂ ಕೊಡಿ. ಬಿಲ್ ತಡೆಹಿಡಿದ ದಿನವೇ ಗುತ್ತಿಗೆದಾರ ಮಾತಿಗೆ ಬರುತ್ತಾನೆ.

ವೇತನ ಸಂಹಿತೆಯಡಿ ಕ್ಲೇಮ್ ಹಾಕಲು ಮೂರು ವರ್ಷ ಅವಕಾಶವಿದೆ. ಹಿಂದೆ ಕನಿಷ್ಠ ವೇತನ ಕಾಯ್ದೆಯಲ್ಲಿ ಆರೇ ತಿಂಗಳಿತ್ತು. ಸಂಹಿತೆಗಳ ಬಗ್ಗೆ ಏನೇ ಸಿಟ್ಟಿದ್ದರೂ ಇದು ಲಾಭವೇ, ಬಳಸಿಕೊಳ್ಳಿ. ನೋಂದಾಯಿತ ಯೂನಿಯನ್ ಎಲ್ಲರ ಪರವಾಗಿ ಅರ್ಜಿ ಹಾಕಬಹುದು. ಸಂಬಳ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದ್ದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಇನ್ನು ‘ವಾಪಸ್ ಹಣ’. ಖಾತೆಗೆ ಪೂರ್ತಿ ಸಂಬಳ ಹಾಕಿ, ಐದಾರು ಸಾವಿರವನ್ನು ನಗದಾಗಿ ವಾಪಸ್ ಪಡೆಯುವುದು, ಇಲ್ಲವೇ ಎಟಿಎಂ ಕಾರ್ಡನ್ನೇ ಮೇಸ್ತ್ರಿ ಇಟ್ಟುಕೊಳ್ಳುವುದು. ಕಾಗದದ ಮೇಲೆ ಎಲ್ಲ ಸರಿಯಾಗಿರುವುದರಿಂದ ಇನ್‌ಸ್ಪೆಕ್ಟರ್ ಬಂದು ಹೋದರೂ ಏನೂ ಸಿಗುವುದಿಲ್ಲ. ಒಬ್ಬನ ದೂರಿನಿಂದ ಆಗುವುದೂ ಇಲ್ಲ, ಮರುದಿನ ಅವನೇ ಹೊರಗೆ. 30–40 ಜನರ ಸ್ಟೇಟ್‌ಮೆಂಟ್ ಒಟ್ಟಿಗೆ ಹರಡಿ ನೋಡಿ: ಸಂಬಳ ಬಿದ್ದ ದಿನವೇ, ಒಂದೇ ಎಟಿಎಂನಲ್ಲಿ, ನಿಮಿಷಗಳ ಅಂತರದಲ್ಲಿ, ಒಂದೇ ಮೊತ್ತ ತೆಗೆದಿರುತ್ತಾರೆ. ಆ ಪಟ್ಟಿಯೇ ಮಾತಾಡುತ್ತದೆ. ಫೋನ್‌ಪೇಯಲ್ಲಿ ಮೇಸ್ತ್ರಿಯ ಸಂಬಂಧಿಕರ ಖಾತೆಗೆ ಹೋದ ಹಣವಿದ್ದರೆ ಇನ್ನೂ ಸಲೀಸು.

ಪಿಎಫ್‌ನಲ್ಲಿ ಎರಡೂ ಕಡೆಯ ಶೇ. 12 ಕೆಲಸಗಾರನ ಸಂಬಳದಿಂದಲೇ ಕಡಿತವಾಗುತ್ತಿದೆಯೇ ಎಂದು ಪೇ ಸ್ಲಿಪ್ ಮತ್ತು ಪಾಸ್‌ಬುಕ್ ಜೋಡಿಸಿ ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ತಿಂಗಳ ಸಂಬಳ 21,000 ರೂಪಾಯಿವರೆಗೆ ಮಾತ್ರ, ಆ ಮಿತಿಗೆ ಓಟಿ ಸೇರುವುದಿಲ್ಲ. ಹಳೆಯ ಇಎಸ್‌ಐ ಕಾಯ್ದೆ ಗಣಿಗೆ ಅನ್ವಯಿಸುತ್ತಿರಲಿಲ್ಲ, ಅಲ್ಲಿ ಅಪಘಾತವಾದರೆ ನೌಕರರ ಪರಿಹಾರದ ದಾರಿಯೇ ಗತಿಯಾಗಿತ್ತು. ಗ್ರ್ಯಾಚುಟಿಗೆ ಐದು ವರ್ಷ ಎಂದಾಗ ಗುತ್ತಿಗೆದಾರರೆಲ್ಲ ಕೈ ಎತ್ತುತ್ತಾರೆ. ಮೆಟ್ಟೂರು ಉಷ್ಣ ವಿದ್ಯುತ್ ಸ್ಥಾವರದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಆ ಹೊಣೆಯನ್ನು ಮೂಲ ಮಾಲೀಕನ ಮೇಲೆ ಹಾಕಿದೆ. ಕರ್ನಾಟಕದ ನ್ಯಾಯಾಲಯಗಳಲ್ಲೂ ಅದನ್ನು ಉಲ್ಲೇಖಿಸಬಹುದು.

ಟೆಂಡರ್ ಬದಲಾಗುವ ತಿಂಗಳು

ಯೂನಿಯನ್ ಮುರಿಯುವುದು ಇಲ್ಲೇ. ಹೊಸ ಗುತ್ತಿಗೆದಾರ ಬಂದಾಗ 200 ಜನರಲ್ಲಿ 188 ಜನಕ್ಕೆ ಪಾಸ್ ಆಗುತ್ತದೆ, ಆಗದ 12 ಹೆಸರು ಯಾರವೆಂದು ಎಲ್ಲರಿಗೂ ಗೊತ್ತು. ತೆಗೆದುಹಾಕಿದ್ದಾರೆ ಎಂದು ಹೇಳಲೂ ಆಗದು, ‘ಹಳೆಯ ಗುತ್ತಿಗೆ ಮುಗಿಯಿತು, ಹೊಸಬ ತನಗೆ ಬೇಕಾದವರನ್ನು ತೆಗೆದುಕೊಂಡ’ ಅಷ್ಟೇ.

ಹಾಗಾಗಿ ಕಚೇರಿಯ ಗೋಡೆಯ ಮೇಲೆ ಎಲ್ಲ ವರ್ಕ್ ಆರ್ಡರ್‌ಗಳ ಮುಕ್ತಾಯದ ದಿನಾಂಕವಿರಲಿ. ಮೂರು ತಿಂಗಳ ಮುಂಚೆ, ಟೆಂಡರ್ ದಾಖಲೆ ಸಿದ್ಧವಾಗುವ ಹೊತ್ತಿಗೇ, ‘ಹಾಲಿ ಕಾರ್ಮಿಕರನ್ನು ಸೇವಾ ನಿರಂತರತೆಯೊಂದಿಗೆ ಮುಂದುವರಿಸಬೇಕು’ ಎಂಬ ಷರತ್ತು ಸೇರಿಸುವಂತೆ ಕಾರ್ಖಾನೆಗೆ ಪತ್ರ ಕೊಡಿ. ಬಿಡ್ ತೆರೆದ ಮೇಲೆ ಕೇಳಿದರೆ ಸಿಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ದರ ನಿಗದಿಯಾಗಿರುತ್ತದೆ. ಅದೇ ವಿಷಯದಲ್ಲಿ ವಿವಾದ ಎತ್ತಿ ಸಂಧಾನ ಶುರುವಾದರೆ, ಕೈಗಾರಿಕಾ ಸಂಬಂಧಗಳ ಸಂಹಿತೆಯ 90ನೇ ಕಲಂ ಸೇವಾ ಷರತ್ತುಗಳನ್ನು ಇದ್ದಂತೆ ಹಿಡಿದಿಡುತ್ತದೆ. ಆದರೆ ಗುತ್ತಿಗೆದಾರನನ್ನು ಮಾತ್ರ ಎದುರುದಾರ ಮಾಡಿದರೆ ಆ ರಕ್ಷಣೆ ಅವನ ಜೊತೆಗೇ ಗೇಟು ದಾಟಿ ಹೋಗುತ್ತದೆ. ಕಾರ್ಖಾನೆಯನ್ನೂ ಹೆಸರಿಸಿ.

ಹೊಸಬ ಕೊಡುವ ನೇಮಕಾತಿ ಪತ್ರ ಬೇಡ ಎನ್ನಬೇಡಿ, ಪ್ರತಿಯೊಬ್ಬನಿಗೂ ಅದನ್ನು ಕೊಡಬೇಕೆಂದು ಈಗ ಕಾನೂನೇ ಹೇಳುತ್ತದೆ. ಸೇರಿದ ದಿನಾಂಕ ಹೊಸದಾಗಿದ್ದರೆ ಸಹಿಯ ಮೇಲೆ ‘ಹಿಂದಿನ ಸೇವೆಯ ಹಕ್ಕು ಕಾಯ್ದಿರಿಸಿ ಪಡೆದಿದ್ದೇನೆ’ ಎಂದು ಬರೆದು, ಫೋಟೊ ತೆಗೆದಿಟ್ಟುಕೊಳ್ಳಿ. ಖಾಲಿ ಹಾಳೆಗೆ, ‘ಎಲ್ಲ ಬಾಕಿ ಪಡೆದಿದ್ದೇನೆ’ ಎಂಬ ಛಾಪಾ ಕಾಗದಕ್ಕೆ ಸಹಿ ಬೇಡ.

ಬೇಡಿಕೆ ಪಟ್ಟಿ, ಸಂಧಾನ, ಮುಷ್ಕರ

ಬೇಡಿಕೆ ಎಂಟು ಹತ್ತು ದಾಟದಿರಲಿ. 1977ರಲ್ಲಿ ಭಿಲಾಯ್ ಉಕ್ಕಿನ ಕಾರ್ಖಾನೆಗೆ ಅದಿರು ಕೊಡುವ ದಲ್ಲಿ ರಾಜಹರಾದಲ್ಲಿ ಶಂಕರ್ ಗುಹಾ ನಿಯೋಗಿ ಗುತ್ತಿಗೆ ಗಣಿ ಕಾರ್ಮಿಕರನ್ನು ಸಂಘಟಿಸಿದಾಗ ಮುಂದಿಟ್ಟದ್ದು, ಮಳೆಗಾಲಕ್ಕೆ ಮುನ್ನ ಗುಡಿಸಲು ರಿಪೇರಿಗೆ 100 ರೂಪಾಯಿ ಮತ್ತು ಕೆಲಸ ಕೊಡದ ದಿನದ ಸಂಬಳ. ಅಷ್ಟಕ್ಕೇ ಆ ಜೂನ್ 2–3ರಂದು ಪೊಲೀಸರ ಗುಂಡಿಗೆ 11 ಜನ ಬಲಿಯಾದರು. ಬೇಡಿಕೆ ಚಿಕ್ಕದಾಗಿದ್ದರೂ ಪ್ರತಿ ಮನೆಗೂ ಅರ್ಥವಾಗುವಂತಿತ್ತು, ಸಂಘ ಉಳಿದದ್ದೂ ಅದರಿಂದಲೇ. ಖಾಯಂ ಕೆಲಸಗಾರನ ಜೊತೆ ಅದೇ ಕೆಲಸ ಮಾಡುವವರಿಗೆ ಅದೇ ಸಂಬಳ ಎಂಬುದನ್ನು ಪ್ರತ್ಯೇಕ ಬೇಡಿಕೆಯಾಗಿ ಬರೆಯಿರಿ. 1971ರ ಕೇಂದ್ರ ನಿಯಮಗಳ 25(2)(v)(ಎ) ಹಳೆಯ ಅವಧಿಗೆ ಆಧಾರ. ಹೋಲಿಕೆಗೆ ಹುದ್ದೆಯ ಹೆಸರು ಸಾಲದು, ಕೆಲಸ, ಯಂತ್ರ, ಶಿಫ್ಟ್ ಮೂರನ್ನೂ ಎದುರುಬದುರು ಕಾಲಂ ಮಾಡಿ ತೋರಿಸಿ.

ಸಂಧಾನಾಧಿಕಾರಿ 45 ದಿನದಲ್ಲಿ ಮುಗಿಸಬೇಕು, ಮುಷ್ಕರದ ನೋಟಿಸ್ ಇದ್ದರೆ 14 ದಿನದಲ್ಲಿ. ಮುರಿದುಬಿದ್ದರೆ ಸರ್ಕಾರ ವಿವಾದವನ್ನು ಟ್ರಿಬ್ಯುನಲ್‌ಗೆ ಒಪ್ಪಿಸುವ ‘ರೆಫರೆನ್ಸ್’ಗೆ ಕಾಯುವ ಕಾಲ ಮುಗಿಯಿತು: ವರದಿ ಬಂದ 90 ದಿನದೊಳಗೆ ನೇರವಾಗಿ ಟ್ರಿಬ್ಯುನಲ್‌ಗೆ ಹೋಗಬಹುದು. ಆ 90 ದಿನ ತಪ್ಪಿಸಿಕೊಳ್ಳಬೇಡಿ.

ಮುಷ್ಕರಕ್ಕೆ ಈಗ ಎಲ್ಲ ಉದ್ದಿಮೆಗಳಲ್ಲೂ ಕನಿಷ್ಠ 14 ದಿನದ ನೋಟಿಸ್ ಬೇಕು, ಆ ನೋಟಿಸ್ 60 ದಿನದೊಳಗಿನ ಮುಷ್ಕರಕ್ಕೆ ಮಾತ್ರ ಸಲ್ಲುತ್ತದೆ. ಸಂಧಾನದ ಮೊದಲ ಸಭೆ ನಡೆದ ದಿನದಿಂದ ಅದು ಮುಗಿದ ಏಳು ದಿನದವರೆಗೆ ಮುಷ್ಕರ ನಿಷಿದ್ಧ. ಟ್ರಿಬ್ಯುನಲ್‌ನಲ್ಲಿದ್ದರೆ ಅದು ಮುಗಿದ ಮೇಲೂ 60 ದಿನ. ಅರ್ಧದಷ್ಟು ಅಥವಾ ಹೆಚ್ಚು ಜನ ಒಟ್ಟಿಗೆ ಕ್ಯಾಶುವಲ್ ರಜೆ ಹಾಕಿದರೂ ಮುಷ್ಕರವೇ. ಹತ್ತು ಅಥವಾ ಹೆಚ್ಚು ಜನ ನೋಟಿಸಿಲ್ಲದೆ ಒಟ್ಟಾಗಿ ಗೈರಾದರೆ ಎಂಟು ದಿನದವರೆಗಿನ ಸಂಬಳ ಕಡಿತ ಮಾಡಬಹುದು. ಹಾಗಾಗಿ ಕಾನೂನುಬದ್ಧ ಕಿಟಕಿ ಬಹಳ ಸಣ್ಣದು, ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ಇಳಿಯಿರಿ. ಕೋಕ್ ಓವನ್, ಬ್ಲಾಸ್ಟ್ ಫರ್ನೇಸ್‌ಗಳನ್ನು ಸ್ವಿಚ್ ಒತ್ತಿ ನಿಲ್ಲಿಸಲಾಗುವುದಿಲ್ಲ. ಗ್ಯಾಸ್ ಸುರಕ್ಷತೆ, ನೀರಿನ ಪಂಪ್‌ಗಳಿಗೆ ಯಾರನ್ನು ಬಿಡುತ್ತೇವೆ ಎಂಬ ಪಟ್ಟಿಯನ್ನು ನೋಟಿಸಿನ ಜೊತೆಗೇ ಕೊಡಿ. ‘ಕಾರ್ಖಾನೆಗೆ ಬೆಂಕಿ ಹಚ್ಚಲು ಹೊರಟವರು’ ಎಂಬ ಆರೋಪಕ್ಕೆ ಆಗ ಜಾಗ ಉಳಿಯುವುದಿಲ್ಲ.

ಖಾಯಮಾತಿ ಕೇಸು

1996ರಲ್ಲಿ ಸುಪ್ರೀಂ ಕೋರ್ಟಿನ ಏರ್ ಇಂಡಿಯಾ ತೀರ್ಪು ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾನಾಗಿ ಖಾಯಂ ಎಂದಿತ್ತು. 2001ರ ಆಗಸ್ಟ್ 30ರಂದು ಸೇಲ್ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ರದ್ದುಮಾಡಿತು. ಅಂದಿನಿಂದ ದಾರಿ ಎರಡು. ಗುತ್ತಿಗೆಯೇ ಬರೀ ಮುಸುಕು, ನಿಜವಾದ ಮಾಲೀಕ ಕಾರ್ಖಾನೆ ಎಂದು ಟ್ರಿಬ್ಯುನಲ್‌ನಲ್ಲಿ ಸಾಬೀತುಪಡಿಸುವುದು ಒಂದು. ಗುತ್ತಿಗೆ ನಿಜವೇ, ಆದರೆ ಈ ಕೆಲಸದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಸರ್ಕಾರದ ಮುಂದೆ ಹೇಳುವುದು ಇನ್ನೊಂದು. ಒಂದೇ ಯೂನಿಯನ್ ಎರಡನ್ನೂ ಒಟ್ಟಿಗೆ ಹೇಳಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. 2006ರಲ್ಲಿ ಸೇಲ್‌ನ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅರ್ಜಿ ಬರೆಯುವ ಮುನ್ನವೇ ದಾರಿ ಆರಿಸಿ.

ಮುಸುಕು ಎಂದು ಹೇಳುವುದಾದರೆ 2014ರ ಬಲವಂತ್ ರಾಯ್ ಸಲೂಜಾ ತೀರ್ಪಿನ ಆರು ಪ್ರಶ್ನೆಗಳಿಗೆ ಒಂದೊಂದು ಕವರ್ ಮಾಡಿ: ನೇಮಿಸಿದವರು ಯಾರು, ಸಂಬಳ ಕೊಡುವವರು ಯಾರು, ತೆಗೆಯುವ ಅಧಿಕಾರ ಯಾರದು, ಶಿಸ್ತುಕ್ರಮ ಯಾರದು, ಸೇವೆ ನಿರಂತರವೇ, ನಿಯಂತ್ರಣ ಎಷ್ಟು ಮತ್ತು ಯಾರದು. ಯಾವ ಕವರ್ ಖಾಲಿಯಿದೆಯೋ ಅಲ್ಲಿ ನೀವು ಸೋಲುತ್ತೀರಿ. ಸಾಮಾನ್ಯವಾಗಿ ಖಾಲಿಯಿರುವುದು ಶಿಸ್ತುಕ್ರಮದ್ದು. ಎಂಜಿನಿಯರ್ ‘ನಾಳೆಯಿಂದ ಬರಬೇಡ’ ಎಂದ ಪ್ರತಿ ಸಲವೂ ಅಂದೇ ಇ-ಮೇಲ್ ಮೂಲಕ ಆಕ್ಷೇಪಣೆ ಕಳಿಸುವ ಅಭ್ಯಾಸವಿದ್ದರೆ ಅದು ತಾನಾಗಿ ತುಂಬುತ್ತದೆ.

ನಿಷೇಧದ ದಾರಿಗೆ ಈಗ ಸುರಕ್ಷತಾ ಸಂಹಿತೆಯ 57ನೇ ಕಲಂ ಇದೆ: ಮೂಲ ಚಟುವಟಿಕೆಯಲ್ಲಿ ಗುತ್ತಿಗೆ ಕೂಡದು. ಓದಲು ಚೆಂದ, ವಿನಾಯಿತಿಗಳೇ ಜಾಸ್ತಿ. ಸ್ವಚ್ಛತೆ, ಕಾವಲು, ಕ್ಯಾಂಟೀನ್, ಲೋಡಿಂಗ್-ಅನ್‌ಲೋಡಿಂಗ್, ಸಿವಿಲ್ ಕೆಲಸ ಮತ್ತು ನಿರ್ವಹಣೆ, ಸಾರಿಗೆ, ಬಿಟ್ಟುಬಿಟ್ಟು ಬರುವ ಕೆಲಸ ಹೊರಗೆ. ಮಾಮೂಲಿಯಾಗಿ ಗುತ್ತಿಗೆಯಲ್ಲೇ ನಡೆಯುವ ಕೆಲಸಕ್ಕೂ ರಿಯಾಯಿತಿ. ಕನ್ವೇಯರ್ ಕೆಳಗಿನ ಅದಿರು ಎತ್ತುವುದನ್ನು ಕಂಪನಿ ‘ಸ್ವಚ್ಛತೆ’ ಎನ್ನುತ್ತದೆ. ಅದನ್ನು ಎತ್ತದಿದ್ದರೆ ಎಷ್ಟು ಗಂಟೆಯಲ್ಲಿ ಬೆಲ್ಟ್ ನಿಲ್ಲುತ್ತದೆ, ಎತ್ತಿದ ಅದಿರು ಮತ್ತೆ ಬಂಕರಿಗೇ ಹೋಗುತ್ತದೆಯೇ ಎಂದು ನೀವು ಲಾಗ್ ಬುಕ್ಕಿನಿಂದ ತೋರಿಸಬೇಕು. ಲೈಸೆನ್ಸ್ ಬೇಕಾಗಿದ್ದೂ ಇಲ್ಲದ ಗುತ್ತಿಗೆದಾರನ ಮೂಲಕ ದುಡಿಸಿಕೊಂಡರೆ ಕಾರ್ಮಿಕರು ಮೂಲ ಮಾಲೀಕನ ನೌಕರರೆಂದೇ ಭಾವಿಸಬೇಕು ಎನ್ನುತ್ತದೆ 54ನೇ ಕಲಂ. ಹಳೆಯ ಕಾಯ್ದೆಯಲ್ಲಿ ಇದು ಇರಲಿಲ್ಲ. ಪ್ರತಿ ಗುತ್ತಿಗೆದಾರನ ಲೈಸೆನ್ಸಿನ ಅವಧಿ ಮತ್ತು ಅದರಲ್ಲಿ ನಮೂದಾದ ಜನಸಂಖ್ಯೆಯನ್ನು ನಿಮ್ಮ ಎಣಿಕೆಯೊಂದಿಗೆ ತಾಳೆ ನೋಡಿ.

ಒಪ್ಪಂದ ಬರೆಯುವಾಗ

ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದಕ್ಕೆ ಕಾರ್ಖಾನೆ, ಗುತ್ತಿಗೆದಾರ, ಯೂನಿಯನ್ ಮೂವರೂ ಸಹಿ ಹಾಕಿರಬೇಕು. ಗುತ್ತಿಗೆದಾರ ಮಾತ್ರ ಸಹಿ ಹಾಕಿದ ಒಪ್ಪಂದದ ಆಯಸ್ಸು ಅವನ ಟೆಂಡರಿನಷ್ಟೇ. ‘ಮುಂದೆ ಬರುವ ಯಾವುದೇ ಗುತ್ತಿಗೆದಾರನಿಗೂ ಇದನ್ನು ಟೆಂಡರ್ ಷರತ್ತಾಗಿ ಕಾರ್ಖಾನೆ ವಿಧಿಸತಕ್ಕದ್ದು’ ಎಂಬ ಸಾಲು, ಕಾರ್ಮಿಕರ ಹೆಸರು ಮತ್ತು ಯುಎಎನ್ ಇರುವ ಅನುಬಂಧ, ಬಾಕಿ ಪಾವತಿಯ ದಿನಾಂಕ, ಅವಧಿ ಇಷ್ಟೂ ಇರಲಿ. ‘ಯೂನಿಯನ್ ಎಲ್ಲ ಪ್ರಕರಣಗಳನ್ನು ಹಿಂಪಡೆಯುತ್ತದೆ’ ಎಂಬ ಕಲಂ ಕೊನೆಯ ಪುಟದಲ್ಲಿ ಸದ್ದಿಲ್ಲದೆ ಬಂದು ಕೂತಿರುತ್ತದೆ. ಖಾಯಮಾತಿ ಕೇಸು ಬಾಕಿ ಇದ್ದರೆ ಅದರ ಸಂಖ್ಯೆಯನ್ನು ಬರೆದು ‘ಇದನ್ನು ಹೊರತುಪಡಿಸಿ’ ಎಂದು ಸೇರಿಸಿದ ಮೇಲೆಯೇ ಸಹಿ ಹಾಕಿ.